ಗೊತ್ತಿದ್ದೂ ಸುಮ್ಮನಿದ್ದವರು

ಪತ್ರಿಕೆಗೆ ಬರುವ ಕಥೆಗಳಲ್ಲಿ ಒಬ್ಬ ತಾಯಿ ಮತ್ತೆ ಮತ್ತೆ ಎದುರಾಗುತ್ತಾಳೆ. ಎರಡನೆಯ ಗಂಡನೋ ಜೊತೆಗೆ ಬಾಳುತ್ತಿರುವವನೋ ತನ್ನ ಮಗಳನ್ನು ಕೆಡಿಸುತ್ತಿದ್ದಾನೆಂದು ಅವಳಿಗೆ ಗೊತ್ತು. ಅಳುತ್ತಾಳೆ, ಹರಕೆ ಹೊರುತ್ತಾಳೆ, ಬೇಸಿಗೆ ರಜೆಗೆ ಮಗಳನ್ನು ತವರಿಗೆ ಕಳಿಸಿ ಒಂದೆರಡು ತಿಂಗಳು ಉಸಿರಾಡುತ್ತಾಳೆ. ಕಥೆಗಾರರು ಅವಳ ಸಹನೆಗೆ ಕೈಮುಗಿಯುತ್ತಾರೆ. ನನಗೆ ಅದು ಸಾಧ್ಯವಾಗುತ್ತಿಲ್ಲ.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಹೆತ್ತವರಿಗೂ ವಿನಾಯಿತಿಯಿಲ್ಲ. ಮುಚ್ಚಿಟ್ಟರೆ ಸೆಕ್ಷನ್ 21ರಡಿ ಆರು ತಿಂಗಳವರೆಗೆ ಸಜೆ, ದಂಡ, ಇಲ್ಲವೇ ಎರಡೂ. ಗೊತ್ತಿದ್ದೇ ಅವನಿಗೆ ಅನುಕೂಲ ಮಾಡಿಕೊಟ್ಟರೆ ಅದು ಕುಮ್ಮಕ್ಕು. ಆಗ ಅವನಿಗಾಗುವ ಶಿಕ್ಷೆಯೇ ಅವಳಿಗೂ. ಬಡಿತ, ಬರೆ, ಉಪವಾಸ ಕೆಡಹುವುದು ಇವೆಲ್ಲ 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 75ಕ್ಕೆ ಬರುತ್ತವೆ. ಮಗುವಿನ ಹೊಣೆ ಹೊತ್ತವರು ತಾವೇ ಹೊಡೆಯಬೇಕೆಂದಿಲ್ಲ, ಬೇಕೆಂದೇ ಮಗುವನ್ನು ಹಿಂಸೆಗೆ ಒಡ್ಡಿದರೂ ಮೂರು ವರ್ಷದವರೆಗೆ ಜೈಲು. ಹೆಂಡತಿಯ ಕೈಯಲ್ಲಿ ಮಗು ನರಳುವುದನ್ನು ಕಂಡೂ ಕಾಣದಂತಿರುವ ತಂದೆಗೂ ಇದೇ ಕಾನೂನು.

ಇದು ಸರಿಯಾದ ಕಾನೂನು. ಆರು ವರ್ಷದ ಮಗು ಠಾಣೆಯ ಮೆಟ್ಟಿಲು ಹುಡುಕಿಕೊಂಡು ಹೋಗಲಾರದು. ಅದರ ಪರವಾಗಿ ಬಾಯಿ ತೆರೆಯಬೇಕಾದವರು ಮನೆಯಲ್ಲೇ ಇದ್ದಾರೆ.

ಆದರೆ ಆ ತಾಯಿಯ ಬಾಯಿ ಕಟ್ಟಿರುವುದು ಬರೀ ಮರ್ಯಾದೆಯ ಭಯವಲ್ಲ. ಬಾಡಿಗೆ ಕರಾರು ಅವನ ಹೆಸರಿನಲ್ಲಿದೆ. ಸಂಬಳ ತರುವವನು ಅವನು. ದೂರು ಕೊಟ್ಟರೆ ಮಗಳು ಬಾಲಮಂದಿರ ಸೇರಿ, ತಾನು ಬೀದಿಪಾಲಾಗಿ, ಅವನು ಅದೇ ಮನೆಯಲ್ಲಿ ಹಾಯಾಗಿರುತ್ತಾನೆ ಎಂಬ ಲೆಕ್ಕ ಅವಳದು. ಈ ಲೆಕ್ಕ ತಪ್ಪೆಂದು ಅವಳಿಗೆ ಹೇಳಿದವರಿಲ್ಲ. ಮನೆ ಅವನದೇ ಆಗಿದ್ದರೂ, ಅವನೇ ಅಲ್ಲಿಂದ ಹೊರಹೋಗಬೇಕೆಂದು ಆದೇಶಿಸುವ ಅಧಿಕಾರವನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 19 ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ತಾಳಿ ಕಟ್ಟದೆ ದಂಪತಿಗಳಂತೆ ಬಾಳಿದವಳಿಗೂ ಈ ಹಕ್ಕುಂಟು. ತುರ್ತಿದ್ದರೆ ಎದುರು ಪಕ್ಷದ ಮಾತಿಗೆ ಕಾಯದೆ ಮಧ್ಯಂತರ ಆದೇಶ ಕೊಡಬಹುದು. ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನೂ ಅದೇ ನ್ಯಾಯಾಲಯದಲ್ಲಿ ಕೇಳಬಹುದು. ಅರ್ಜಿ ಬರೆಯಲು ನೆರವಾಗಬೇಕಾದ ರಕ್ಷಣಾಧಿಕಾರಿ ನಮ್ಮ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಅಂಗನವಾಡಿಗೆ ಹೋಗುವ ತಾಯಂದಿರಿಗೆ ಆ ಕಚೇರಿ ಗೊತ್ತು. ಅಲ್ಲಿ ಈ ಕೆಲಸವೂ ಆಗುತ್ತದೆಂದು ಮಾತ್ರ ಗೊತ್ತಿಲ್ಲ.

ಮಗುವನ್ನು ಮನೆಯಿಂದ ಬೇರೆಡೆಗೆ ಕಳಿಸಬೇಕೇ ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ಮೂರು ದಿನಗಳೊಳಗೆ ತೀರ್ಮಾನಿಸಬೇಕು. ಮಗುವಿನ ಇಷ್ಟವನ್ನೂ ಅದಕ್ಕೆ ತನ್ನವರ ಆಸರೆ ಬೇಕಾಗಿರುವುದನ್ನೂ ಸಮಿತಿ ಗಮನಿಸಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಸಂಸ್ಥೆಗೆ ಸೇರಿಸುವುದೊಂದೇ ದಾರಿಯಲ್ಲ.

ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ತರಗತಿಯ ಮೇಷ್ಟ್ರು ಇವರೂ ಕಾನೂನಿನ ‘ಯಾರೇ ಆಗಲಿ’ ಎಂಬ ಮಾತಿನೊಳಗೆ ಬರುತ್ತಾರೆ. ಸಾಕ್ಷಿ ಹುಡುಕುವುದು ಅವರ ಕೆಲಸವಲ್ಲ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ಸಾಕು, ಮುಂದಿನ ದಾರಿ ತೆರೆಯುತ್ತದೆ.

ಪೊಲೀಸರಲ್ಲಿ ಒಂದು ಕೋರಿಕೆಯಿದೆ. ಕೌಟುಂಬಿಕ ಹಿಂಸೆಯ ದೂರು ಬಂದಾಗ ಹೆಂಗಸಿಗೆ ಅವಳ ಹಕ್ಕುಗಳನ್ನು ತಿಳಿಸುವುದು ಅದೇ 2005ರ ಕಾಯ್ದೆಯ ಸೆಕ್ಷನ್ 5 ನಿಮಗೆ ವಹಿಸಿರುವ ಕರ್ತವ್ಯ. ಇಷ್ಟು ದಿನ ಯಾಕೆ ಸುಮ್ಮನಿದ್ದೆಯೆಂದು ಆ ತಾಯಿಯನ್ನು ಗದರಿಸುವ ಮೊದಲು, ಈ ರಾತ್ರಿ ಅವಳೂ ಮಗುವೂ ಎಲ್ಲಿ ಮಲಗುತ್ತಾರೆಂದು ಕೇಳಿ.