ಹಣ ಟಿಸಿ ತನಕ ಬರಲಿ

ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಗುಡ್ಡದ ಕೆಳಗಿನ ಊರುಗಳಲ್ಲಿ ರೈತರು ಈಗಲೂ ಫೋನ್ ಹಚ್ಚಿ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: ‘ಥ್ರೀ ಫೇಸ್ ಬಂದೈತೇನ್ರೀ?’ ಗದಗ ಜಿಲ್ಲೆಯಲ್ಲಿ ಕರೆಂಟು ಹುಟ್ಟುವುದಕ್ಕೆ ಬರವಿಲ್ಲ. ಅದು ಯಾವ ಹೊತ್ತಿಗೆ ಹೊಲ ಮುಟ್ಟುತ್ತದೆ, ಮುಟ್ಟಿದಾಗ ಎಷ್ಟು ವೋಲ್ಟೇಜ್ ಇರುತ್ತದೆ ಎಂಬುದನ್ನು ಹೇಳುವವರಿಲ್ಲ.

ನಾನು ಗ್ರಾಮೀಣ ಬ್ಯಾಂಕೊಂದರಲ್ಲಿ ಮ್ಯಾನೇಜರ್ ಆಗಿ ನಿವೃತ್ತನಾದವನು. ಈಗ ಮುಂಡರಗಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಬೋರಿನ ನೀರಿಗೆ ಉಳ್ಳಾಗಡ್ಡಿ, ಗೋವಿನಜೋಳ ಬೆಳೆಯುತ್ತೇನೆ. ಸಾಲ ಕೊಡುವ ಮೇಜಿನ ಆಚೆಬದಿಯನ್ನೂ ಈಚೆಬದಿಯನ್ನೂ ಕಂಡಿದ್ದೇನೆ. ಹೊಸ ಇಂಧನಕ್ಕೆ, ಅದರ ಡಿಜಿಟಲ್ ತಂತ್ರಜ್ಞಾನಕ್ಕೆ ಸಾವಿರಾರು ಕೋಟಿ ಎನ್ನುವ ಸುದ್ದಿ ಓದಿದಾಗಲೆಲ್ಲ ನನ್ನ ತಲೆಯಲ್ಲಿ ಏಳುವ ಪ್ರಶ್ನೆ, ಆ ಹಣ ಲೈನಿನ ಯಾವ ತುದಿಯಲ್ಲಿ ಬಂದು ನಿಲ್ಲುತ್ತದೆ ಎಂಬುದು.

ನಮ್ಮ ಪಂಪ್‌ಶೆಡ್ಡಿನ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಕೆಂಪು, ಹಳದಿ, ನೀಲಿ ದೀಪಗಳಿವೆ. ಮೂರೂ ಒಂದೇ ಸಮ ಉರಿದರೆ ಮೂರು ಫೇಸೂ ಇದೆ ಎಂದರ್ಥ. ಒಂದು ಮಂಕಾದರೆ ಗುಂಡಿ ಒತ್ತಬಾರದು. ಒತ್ತಿದರೆ ಬೋರಿನೊಳಗಿನ ಮೋಟರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಕಾಯಿಲ್ ಸುಡುತ್ತದೆ. ಆಮೇಲೆ ಪೈಪು ಬಿಚ್ಚಿ ಮೋಟರ್ ಎತ್ತಿಸಬೇಕು, ಪೇಟೆಗೆ ಒಯ್ದು ವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಅಷ್ಟರಲ್ಲಿ ಉಳ್ಳಾಗಡ್ಡಿಯ ಗರಿ ಬಾಡಿರುತ್ತದೆ. ಈ ಮೂರು ದೀಪ ನೋಡುವುದಕ್ಕೆಂದೇ ರೈತರು ರಾತ್ರಿ ಬ್ಯಾಟರಿ ಹಿಡಿದು ಹಾವು ಚೇಳಿನ ದಾರಿಯಲ್ಲಿ ಹೊಲಕ್ಕೆ ನಡೆಯುತ್ತಾರೆ.

ಇದಕ್ಕೆ ಪರಿಹಾರ ಯಾವ ಮಹಾನಗರದ ಪ್ರಯೋಗಾಲಯದಲ್ಲೂ ಹೊಸದಾಗಿ ಹುಟ್ಟಬೇಕಿಲ್ಲ. ಸಿಮ್ ಹಾಕಿದ ಸ್ಟಾರ್ಟರ್ ಎಷ್ಟೋ ಹೊಲಗಳಿಗೆ ಈಗಾಗಲೇ ಬಂದಿದೆ. ಮನೆಯಿಂದ ಫೋನ್ ಮಾಡಿದರೆ ಮೂರು ಫೇಸ್ ಇದೆಯೋ ಇಲ್ಲವೋ ಹೇಳುತ್ತದೆ, ಮೋಟರ್ ಚಾಲೂ ಮಾಡುತ್ತದೆ, ನೀರು ತಳ ಹಿಡಿದರೆ ತಾನೇ ನಿಲ್ಲಿಸುತ್ತದೆ. ನಮ್ಮೂರಲ್ಲಿ ಇದನ್ನು ಹಾಕಿಸಿಕೊಂಡವರು ಸ್ವಂತ ದುಡ್ಡಿನಲ್ಲಿ ಹಾಕಿಸಿಕೊಂಡರು. ದುಡ್ಡಿಲ್ಲದವರು ಇನ್ನೂ ರಾತ್ರಿ ನಡೆಯುತ್ತಿದ್ದಾರೆ.

ದೇಶದಲ್ಲಿ ಹಣವೇ ಇಲ್ಲ ಎನ್ನುವಂತಿಲ್ಲ. ವಿತರಣಾ ಜಾಲದ ಸುಧಾರಣೆಗೆ ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಯೋಜನೆಯ ಗಾತ್ರ 3 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್ ಅದರ ದೊಡ್ಡ ಗುರಿ. ಸಬ್‌ಸ್ಟೇಷನ್ನಿನಿಂದ ಹೊರಡುವ ಫೀಡರ್ ಲೈನಿಗೂ, ಟಿಸಿಗೂ ಅಂದರೆ ಊರಿನ ಟ್ರಾನ್ಸ್‌ಫಾರ್ಮರಿಗೂ ಮೀಟರ್ ಹಾಕಲು ಅದರಲ್ಲಿ ಅವಕಾಶವಿದೆ, ನಿಜ. ಆದರೆ ಊರಿಗೆ ಬರುವ ಸುದ್ದಿ, ಟೆಂಡರು, ಗಲಾಟೆ ಎಲ್ಲ ಮನೆ ಗೋಡೆಯ ಮೀಟರಿನದೇ. ಬಿಲ್ಲು ವಸೂಲಾಗಬೇಕು, ಬ್ಯಾಂಕಿನಲ್ಲಿದ್ದ ನಾನು ಅದನ್ನು ಅಲ್ಲಗಳೆಯಲಾರೆ. ಗ್ರಾಹಕ ಎಷ್ಟು ಬಳಸಿದ ಎಂದು ಅಳೆಯುವಷ್ಟೇ ಶ್ರದ್ಧೆಯಿಂದ, ಅವನಿಗೆ ಎಷ್ಟು ಹೊತ್ತು, ಎಂಥ ಕರೆಂಟು ಕೊಟ್ಟೆವು ಎಂದೂ ಅಳೆದು ಅವನಿಗೆ ತೋರಿಸಬೇಕು ಎನ್ನುವುದು ನನ್ನ ವಾದ.

ಹಾಗೆ ತೋರಿಸಬಹುದು ಎಂಬುದನ್ನು ಪುಣೆಯ ‘ಪ್ರಯಾಸ್’ ಸಂಸ್ಥೆ ಎಂದೋ ಮಾಡಿ ತೋರಿಸಿದೆ. ಮನೆಯ ಸಾಕೆಟ್ಟಿಗೆ ಸಿಕ್ಕಿಸುವ ಒಂದು ಪುಟ್ಟ ಪೆಟ್ಟಿಗೆ, ಒಳಗೊಂದು ಸಿಮ್. ನಿಮಿಷ ನಿಮಿಷದ ವೋಲ್ಟೇಜ್ ದಾಖಲಾಗಿ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತಿತ್ತು. ಹಲವು ರಾಜ್ಯಗಳ ಹಳ್ಳಿ, ಪಟ್ಟಣಗಳಲ್ಲಿ ಅವರು ಅದನ್ನು ಇಟ್ಟರು. ಒಂದು ಸ್ವಯಂಸೇವಾ ಸಂಸ್ಥೆ ಮಾಡಿದ ಕೆಲಸವನ್ನು ಸರ್ಕಾರದ ದುಡ್ಡಿನಲ್ಲಿ ಪ್ರತಿ ಟಿಸಿಗೆ ಮಾಡಲು ಅಡ್ಡಿಯೇನು?

ಟಿಸಿ ಎಂದೇ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಐಪಿ ಸೆಟ್‌ಗಳು, ಅಂದರೆ ನೀರಾವರಿ ಪಂಪುಗಳು ಇವೆ. 10 ಎಚ್‌ಪಿವರೆಗಿನ ಪಂಪುಗಳ ಕರೆಂಟಿನ ಖರ್ಚನ್ನು ಸರ್ಕಾರ ಸಬ್ಸಿಡಿಯಾಗಿ ತುಂಬುತ್ತದೆ. ಬಹುಪಾಲು ಪಂಪುಗಳಿಗೆ ಮೀಟರಿಲ್ಲ, ಲೆಕ್ಕವೆಲ್ಲ ಅಂದಾಜಿನದು. ಪಂಪಿಗೆ ಮೀಟರ್ ಹಾಕುತ್ತೇವೆಂದು ಹೋದರೆ, ನಾಳೆ ಬಿಲ್ಲು ಬರುತ್ತದೆಂದು ರೈತ ಬಾಗಿಲು ಹಾಕುತ್ತಾನೆ. ಅವನ ಹೆದರಿಕೆ ಸುಳ್ಳೆನ್ನಲಾರೆ. ಟಿಸಿಗೆ ಹಾಕಿದರೆ ಆ ಹೆದರಿಕೆಯೂ ಇಲ್ಲ, ಸಬ್ಸಿಡಿಯ ಲೆಕ್ಕವೂ ಸರಿಹೋಗುತ್ತದೆ. ಭಾರ ಎಷ್ಟು ಬಿದ್ದಿದೆ, ಯಾವ ಫೇಸ್ ಸೊರಗಿದೆ ಎಂಬುದು ಟಿಸಿ ಸುಡುವ ಮೊದಲೇ ಲೈನ್‌ಮನ್ನನ ಫೋನಿನಲ್ಲಿ ಕಾಣುತ್ತದೆ.

ಸೌರ ವಿದ್ಯುತ್ತಿಗೂ ಈ ಲೆಕ್ಕ, ಈ ಸ್ಟಾರ್ಟರ್ ಬೇಕೇಬೇಕು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕ್ ಮಾಡಿದ್ದೇವೆ. ಆ ಕರೆಂಟು ದೊಡ್ಡ ಲೈನ್ ಹತ್ತಿ ದೂರ ಹೋಗುತ್ತದೆ. ಅದರ ಬದಲು ಕೇಂದ್ರದ ಕುಸುಮ್ ಯೋಜನೆಯ ‘ಸಿ’ ವಿಭಾಗದಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸೌರಘಟಕ ಕಟ್ಟಿ, ಅದೇ ಫೀಡರಿನ ಪಂಪುಗಳಿಗೆ ಹಗಲು ಕರೆಂಟು ಕೊಡಬಹುದು. ರೈತನಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಥ್ರೀ ಫೇಸ್ ಬಂದ ಕ್ಷಣಕ್ಕೆ ಏನಾಗುತ್ತದೆಂದು ನಮ್ಮ ಹೊಲದಲ್ಲಿ ನಿಂತು ನೋಡಬೇಕು. ಎಲ್ಲರ ಆಟೋ ಸ್ಟಾರ್ಟರೂ ಒಟ್ಟಿಗೇ ಎಳೆಯುತ್ತವೆ, ವೋಲ್ಟೇಜ್ ಕುಸಿಯುತ್ತದೆ, ಲೈನಿನ ಕಡೆಯ ಪಂಪು ಏಳುವುದೇ ಇಲ್ಲ. ಹಗಲಾದರೂ ಇದೇ, ರಾತ್ರಿಯಾದರೂ ಇದೇ. ಸ್ಟಾರ್ಟರುಗಳು ಪಾಳಿಯ ಮೇಲೆ ಚಾಲೂ ಆಗುವಂತೆ ಮಾಡಿದರೆ, ಮೋಡ ಕವಿದಾಗ ಕೆಲವು ಪಂಪು ಕಾಯುವಂತೆ ಮಾಡಿದರೆ, ಅದೇ ತಂತಿಯಲ್ಲಿ ಹೆಚ್ಚು ಹೊಲ ನೆನೆಯುತ್ತವೆ. ಇಂಥ ಕೆಲಸಕ್ಕೆ ಹಣ ಹಾಕಿ. ಲೈನು, ಕಂಬವೇ ಮೊದಲು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಯಾವ ಕಂಬದಿಂದ ಶುರು ಮಾಡಬೇಕೆಂದು ತಿಳಿಯುವುದೂ ಟಿಸಿ ಮೀಟರಿನ ಲೆಕ್ಕದಿಂದಲೇ.

ಹಣ ಹೇಗೆ ಹಾಕಬೇಕು ಎಂಬುದಕ್ಕೆ ನಮ್ಮ ನಾಡಿನಲ್ಲೇ ಮಾದರಿಯಿದೆ. ಹರೀಶ್ ಹಂದೆಯವರ ಸೋಲಾರ್ ಕಂಪನಿ ಸೆಲ್ಕೋ 1995ರಲ್ಲಿ ಶುರುವಾದಾಗ ಬಡವರು ಸೋಲಾರ್ ಕೊಳ್ಳಲಾರರು ಎಂದೇ ಎಲ್ಲರೂ ನಂಬಿದ್ದರು. ಗ್ರಾಮೀಣ ಬ್ಯಾಂಕುಗಳು ಸಾಲ ಕೊಟ್ಟ ಮೇಲೆ ಮನೆಮನೆಗೆ ದೀಪ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜತೆ ಸೇರಿ ಸೋಲಾರ್ ಸಾಲದ ಬಡ್ಡಿಗೆ ರಿಯಾಯಿತಿ ಕೊಟ್ಟಿತು. ಅದನ್ನು ಹಂತಹಂತವಾಗಿ ಇಳಿಸುತ್ತಾ ಬಂತು. ಪ್ಯಾನೆಲ್ ಪುಕ್ಕಟೆ ಹಂಚಲಿಲ್ಲ. ಬ್ಯಾಂಕಿನವರಿಗೆ ಧೈರ್ಯ ಬರುವ ತನಕ ಬೆನ್ನಿಗೆ ನಿಂತಿತು. ಸಾಲಗಾರನ ಗಳಿಕೆ ವಾರಕ್ಕೊಮ್ಮೆ ಬರುವುದಾದರೆ ಕಂತೂ ವಾರಕ್ಕೊಮ್ಮೆ, ಸುಗ್ಗಿಗೆ ಬರುವುದಾದರೆ ಕಂತೂ ಸುಗ್ಗಿಗೆ: ಆ ದಿನಗಳಲ್ಲಿ ನಾವು ಕಲಿತ ಪಾಠ ಅದು. ಸಿಮ್ ಸ್ಟಾರ್ಟರಿಗೂ ಇಂದು ಅದೇ ದಾರಿ ಸಾಕು.

ಇನ್ನೊಂದು ಮುಖ್ಯ ಮಾತಿದೆ. ಈ ಪೆಟ್ಟಿಗೆಗಳು ಕೆಟ್ಟಾಗ ರಿಪೇರಿ ಮಾಡುವವರು ತಾಲ್ಲೂಕಿನಲ್ಲೇ ಇರಬೇಕು. ನಮ್ಮೂರಲ್ಲಿ ಐಟಿಐ ಮುಗಿಸಿದ ಹುಡುಗನೊಬ್ಬ ಸಿಡಿಲಿಗೆ ಸತ್ತ ಸ್ಟಾರ್ಟರ್ ಬೋರ್ಡುಗಳನ್ನು ಬದುಕಿಸುತ್ತಾನೆ. ಅಂಗಡಿ ಹಾಕಲು ಸಾಲ ಕೇಳಿದರೆ ಬ್ಯಾಂಕಿನಲ್ಲಿ ಜಾಮೀನು ಕೇಳಿದರು. ಜಾಮೀನಿಲ್ಲದ ಮುದ್ರಾ ಸಾಲ 2015ರಿಂದ ಇದೆ. ಆದರೂ ಹೊಸ ಬಗೆಯ ಕಸುಬು ಕಂಡರೆ ಮ್ಯಾನೇಜರುಗಳ ಕೈ ಹಿಂದೆ ಸರಿಯುತ್ತದೆ, ಆ ಕುರ್ಚಿಯ ಭಯ ನನಗೆ ಗೊತ್ತು. ಡಿಜಿಟಲ್ ಇಂಧನಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಇಂಥ ಸಾಲಗಳಿಗೆ ಖಾತರಿಯಾಗಿ ನಿಲ್ಲಲಿ. ಬೆಂಗಳೂರಿನ ಸ್ಟಾರ್ಟಪ್ಪಿಗೆ ಕೊಡುವ ಅನುದಾನಕ್ಕೂ, ಪೆಟ್ಟಿಗೆ ಮಾರಿದ ತಾಲ್ಲೂಕಿನಲ್ಲಿ ರಿಪೇರಿಯವನು ಇರಲೇಬೇಕೆಂಬ ಷರತ್ತು ಇರಲಿ.

ಟಿಸಿಯ ಲೆಕ್ಕ ಕಾನೂನಿನ ದೃಷ್ಟಿಯಿಂದಲೂ ಬೇಕು. 2020ರ ವಿದ್ಯುತ್ ಗ್ರಾಹಕರ ಹಕ್ಕು ನಿಯಮಗಳ ಪ್ರಕಾರ ಸೇವೆ ತಪ್ಪಿದರೆ ಗ್ರಾಹಕನಿಗೆ ಪರಿಹಾರ ತಾನಾಗಿಯೇ ಸಿಗಬೇಕು. ತಪ್ಪಿದ್ದಕ್ಕೆ ದಾಖಲೆಯೇ ಇಲ್ಲದಿದ್ದರೆ ಯಾರು ಕೊಡುತ್ತಾರೆ?

ವಿದ್ಯುತ್ ದರ ಏರಿಕೆಯ ಅರ್ಜಿ ಬಂದಾಗ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಓದುಗರೇ, ಈ ಸಲ ದರದ ಮಾತಿನ ಜತೆಗೆ ಇದನ್ನೂ ಬರೆದು ಕೊಡಿ: ನಮ್ಮೂರಿನ ಟಿಸಿಗೆ ಮೀಟರ್ ಹಾಕಿ, ಅದರ ಲೆಕ್ಕವನ್ನು ದಿನವೂ ನಮ್ಮ ಫೋನಿಗೆ ಕನ್ನಡದಲ್ಲಿ ಕಳಿಸಿ.