ರೇಸ್ ಮೂರು ವರ್ಷ, ಕೇಸ್ ಹದಿನಾಲ್ಕು ವರ್ಷ: ನೋಯ್ಡಾ ಸರ್ಕ್ಯೂಟ್ ಸೋತಿದ್ದು ಎಲ್ಲಿ?

ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾದಲ್ಲಿರುವ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್ ಮತ್ತೆ ಸುದ್ದಿಗೆ ಬಂದಿದೆ. ಈ ಕಾರ್ ರೇಸ್ ಟ್ರ್ಯಾಕ್ ಕಟ್ಟಿದ್ದು ಜೇಪೀ ಸಮೂಹ. ಅದರ ಮುಖ್ಯ ಕಂಪನಿ ಜೈಪ್ರಕಾಶ್ ಅಸೋಸಿಯೇಟ್ಸ್ ಸಾಲ ತೀರಿಸಲಾಗದೆ 2024ರ ಜೂನ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2025ರ ನವೆಂಬರ್‌ನಲ್ಲಿ ಸಾಲ ಕೊಟ್ಟವರ ಸಮಿತಿ ಅದಾನಿ ಎಂಟರ್‌ಪ್ರೈಸಸ್ ಸಲ್ಲಿಸಿದ 14,535 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಅದರ ಬೆನ್ನಿಗೇ ಹಳೇ ಪ್ರಶ್ನೆ ಎದ್ದಿದೆ: ಫಾರ್ಮುಲಾ ಒನ್ ಭಾರತಕ್ಕೆ ವಾಪಸ್ ಬರುತ್ತಾ?

ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬಂದಿದ್ದ ರೇಸ್ ಹೋಗಿದ್ದು ಯಾಕೆ? ಸಾವಿರಾರು ಎಕರೆ ಜಮೀನು, ಸುಮಾರು 2,000 ಕೋಟಿ ರೂಪಾಯಿ ಖರ್ಚು, ಜಗತ್ತೇ ನೋಡಿದ ಉದ್ಘಾಟನೆ. ಇಷ್ಟಾದರೂ ಅಲ್ಲಿ ಫಾರ್ಮುಲಾ ಒನ್ ನಡೆದಿದ್ದು ಮೂರೇ ಸಲ. ನಮ್ಮೂರಿಗೆ ದೊಡ್ಡದೊಂದು ಯೋಜನೆ ಬರುತ್ತೆ, ಜಮೀನಿಗೆ ಬೆಲೆ ಬರುತ್ತೆ, ವ್ಯಾಪಾರ ಕುದುರುತ್ತೆ ಅಂತ ಕಾಯುವ ಯಾವ ತಾಲ್ಲೂಕಿನವರಿಗೂ ಈ ಕಥೆ ಗೊತ್ತಿರಬೇಕು.

ಬೆಂಗಳೂರಿನ ಹೆಸರೂ ಇತ್ತು

ಭಾರತಕ್ಕೆ ಫಾರ್ಮುಲಾ ಒನ್ ತರುವ ಆಸೆ ಹೊಸದೇನಲ್ಲ. 1990ರ ದಶಕದಲ್ಲೇ ಕೋಲ್ಕತ್ತದ ಹೆಸರು ಕೇಳಿಬಂದಿತ್ತು. 2003ರ ಹೊತ್ತಿಗೆ ಬೆಂಗಳೂರಿನ ಹೊಸ ವಿಮಾನ ನಿಲ್ದಾಣದ ಹತ್ತಿರದ ಜಾಗದ ಪ್ರಸ್ತಾಪ ಬಂತು. ಅತ್ತ ಚಂದ್ರಬಾಬು ನಾಯ್ಡು ಹೈದರಾಬಾದಿಗೆ ತರಲು ಪ್ರಾಥಮಿಕ ಒಪ್ಪಂದವನ್ನೇ ಮಾಡಿಕೊಂಡರು. ಎರಡೂ ಕಡೆ ಟ್ರ್ಯಾಕ್ ಏಳಲಿಲ್ಲ.

2007ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಆಗಿನ ಅಧ್ಯಕ್ಷ ಸುರೇಶ್ ಕಲ್ಮಾಡಿ ಮತ್ತು ಫಾರ್ಮುಲಾ ಒನ್ ಮುಖ್ಯಸ್ಥ ಬರ್ನಿ ಎಕ್ಲೆಸ್ಟೋನ್ ನಡುವೆ ಮಾತುಕತೆ ಕುದುರಿತು. ಜಾಗ ದೆಹಲಿ ಪಕ್ಕಕ್ಕೆ ಹೋಯಿತು. ಅದೇ ಹೊತ್ತಿಗೆ ಕರ್ನಾಟಕದ ಉದ್ಯಮಿ ವಿಜಯ್ ಮಲ್ಯ ಒಂದು ತಂಡವನ್ನೇ ಖರೀದಿಸಿ, ಅದಕ್ಕೆ ಫೋರ್ಸ್ ಇಂಡಿಯಾ ಅಂತ ಹೆಸರಿಟ್ಟು 2008ರಿಂದ ಕಣಕ್ಕಿಳಿಸಿದ್ದರು. ಇನ್ನು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲೇ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ. ಚಾಲಕ ಇದ್ದ, ತಂಡ ಇತ್ತು, ಇನ್ನು ಟ್ರ್ಯಾಕ್ ಒಂದು ಬೇಕು ಅನ್ನೋ ವಾತಾವರಣ ಅದು.

ಹೊಲದ ಮೇಲೆ ಎದ್ದ ಟ್ರ್ಯಾಕ್

ದೆಹಲಿ ಕಡೆಯಿಂದ ಆಗ್ರಾಕ್ಕೆ ಹೋಗುವ ಯಮುನಾ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿ ಈ ಜಾಗ ಇದೆ. ಹೆದ್ದಾರಿ ಕಟ್ಟಿದ್ದೂ ಜೇಪೀ ಸಮೂಹವೇ. ನಮ್ಮಲ್ಲಿ ಕೆಐಎಡಿಬಿ ಇದ್ದ ಹಾಗೆ ಅಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಕೈಗಾರಿಕಾ ಅಭಿವೃದ್ಧಿ ಪ್ರಾಧಿಕಾರ ಅಂತ ಇದೆ. ಅದು ವಿಶೇಷ ಅಭಿವೃದ್ಧಿ ವಲಯದ ಹೆಸರಲ್ಲಿ ಕಂಪನಿಗೆ 1,000 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 2,500 ಎಕರೆ ಹಂಚಿಕೆ ಮಾಡಿತು.

ಇಲ್ಲೊಂದು ಸೂಕ್ಷ್ಮ ಇದೆ. ಅಷ್ಟೂ ಜಾಗ ಬರೀ ಟ್ರ್ಯಾಕಿಗಲ್ಲ. ಕ್ರೀಡೆಯನ್ನು ಮುಂದಿಟ್ಟುಕೊಂಡು ಉಳಿದ ಜಾಗದಲ್ಲಿ ಮನೆ, ವಾಣಿಜ್ಯ ಕಟ್ಟಡ ಕಟ್ಟಿ ಮಾರುವ ಅವಕಾಶವೂ ಅದರಲ್ಲಿತ್ತು. ರೇಸಿನಿಂದ ಹೆಸರು, ಹೆಸರಿನಿಂದ ಜಾಗಕ್ಕೆ ಬೆಲೆ, ಬೆಲೆಯಿಂದ ಲಾಭ. ಕಂಪನಿಯ ಲೆಕ್ಕಾಚಾರ ನಿಂತಿದ್ದೇ ಈ ಸರಪಳಿಯ ಮೇಲೆ.

ಟ್ರ್ಯಾಕ್ ಮಾತ್ರ ಚೆನ್ನಾಗೇ ಬಂತು. ವಿನ್ಯಾಸ ಜರ್ಮನಿಯ ಹರ್ಮನ್ ಟಿಲ್ಕೆ ಅವರದ್ದು. ಉದ್ದ 5.125 ಕಿಲೋಮೀಟರ್, 16 ತಿರುವು. ಸಮತಟ್ಟಾದ ಹೊಲದ ಮೇಲೆ ಮಣ್ಣು ಪೇರಿಸಿ ಏರು ಇಳಿಜಾರು ಮಾಡಿದರು. ಒಂದು ನೇರ ದಾರಿಯೇ ಕಿಲೋಮೀಟರಿಗಿಂತ ಉದ್ದ. 2011ರ ಅಕ್ಟೋಬರ್ 30ರಂದು ಮೊದಲ ರೇಸ್ ನಡೆದಾಗ ಸುಮಾರು 95,000 ಜನ ಸೇರಿದ್ದರು. ಅಭ್ಯಾಸದ ದಿನ ಬೀದಿ ನಾಯಿಯೊಂದು ಟ್ರ್ಯಾಕಿಗೆ ನುಗ್ಗಿ ಕಾರುಗಳನ್ನು ಕಾಯಿಸಿದ್ದು ಬಿಟ್ಟರೆ ರೇಸಿಗೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ. ಗೆದ್ದಿದ್ದು ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್. 2012, 2013ರಲ್ಲೂ ಅವರೇ ಗೆದ್ದರು. ನಾಲ್ಕನೇ ವಿಶ್ವ ಚಾಂಪಿಯನ್ ಪಟ್ಟ ಅವರಿಗೆ ಖಚಿತವಾಗಿದ್ದು ಇದೇ ಟ್ರ್ಯಾಕಿನಲ್ಲಿ, 2013ರಲ್ಲಿ. ಅಲ್ಲಿಗೆ ಮುಗೀತು.

ಅಂಗಡಿ ಲೆಕ್ಕದಲ್ಲಿ ನೋಡಿದರೆ

ಯಾಕೆ ಮುಗೀತು ಅನ್ನೋದಕ್ಕೆ ಒಂದು ಸರಳ ಲೆಕ್ಕ ಸಾಕು. ರೇಸ್ ನಡೆಸುವ ಹಕ್ಕಿಗೆ ಜೇಪೀ ಕಂಪನಿ ಫಾರ್ಮುಲಾ ಒನ್ ಸಂಸ್ಥೆಗೆ ಕೊಡಬೇಕಿದ್ದ ಶುಲ್ಕ 4 ಕೋಟಿ ಡಾಲರ್. ಇದು ಮುಂದೆ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ದಾಖಲಾದ ಮೊತ್ತ. ಆಗಿನ ಡಾಲರ್ ದರದಲ್ಲಿ ಹೆಚ್ಚುಕಮ್ಮಿ 200 ಕೋಟಿ ರೂಪಾಯಿ.

ಟಿವಿ ಪ್ರಸಾರ, ರೇಸಿನ ಹೆಸರಿನ ಪ್ರಾಯೋಜಕತ್ವ, ಶ್ರೀಮಂತ ಅತಿಥಿಗಳ ಪ್ಯಾಡಕ್, ಹೀಗೆ ದೊಡ್ಡ ದುಡ್ಡು ಬರುವ ಹಕ್ಕುಗಳೆಲ್ಲ ಬೇರೆ ಒಪ್ಪಂದಗಳ ಮೂಲಕ ಫಾರ್ಮುಲಾ ಒನ್ ಬಳಗದ ಕಂಪನಿಗಳ ಕೈಯಲ್ಲೇ ಉಳಿದವು. ಟ್ರ್ಯಾಕ್ ಕಟ್ಟಿದವರ ಪಾಲಿಗೆ ಮುಖ್ಯವಾಗಿ ಸಿಕ್ಕಿದ್ದು ಟಿಕೆಟ್ ದುಡ್ಡು.

ಈಗ ಭಾಗಿಸಿ ನೋಡಿ. ಆ 200 ಕೋಟಿ ಶುಲ್ಕ ಹುಟ್ಟಬೇಕಾದರೆ 95,000 ಜನರಲ್ಲಿ ಒಬ್ಬೊಬ್ಬರಿಂದಲೂ ಸರಾಸರಿ 21,000 ರೂಪಾಯಿ ಬರಬೇಕು. ಆದರೆ ಕಡಿಮೆ ದರದ ಟಿಕೆಟ್ ಇದ್ದಿದ್ದು 2,500 ರೂಪಾಯಿಗೆ. ಎರಡನೇ ವರ್ಷ ಜನ ಸುಮಾರು 65,000ಕ್ಕೆ ಇಳಿದರು. ಆಗ ತಲೆಗೆ 30,000 ದಾಟಬೇಕು. ಇದು ಬರೀ ಶುಲ್ಕದ ಮಾತು. ಟ್ರ್ಯಾಕ್ ಕಟ್ಟಿದ ಸಾಲದ ಬಡ್ಡಿ, ನಿರ್ವಹಣೆ, ಸಿಬ್ಬಂದಿ ಸಂಬಳ ಯಾವುದೂ ಇದರಲ್ಲಿ ಸೇರಿಲ್ಲ. ಜಾತ್ರೆಯಲ್ಲಿ ನೆಲಬಾಡಿಗೆಯೇ ದಿನದ ವ್ಯಾಪಾರಕ್ಕಿಂತ ಜಾಸ್ತಿಯಾದರೆ ಅಂಗಡಿ ಎಷ್ಟು ವರ್ಷ ಹಾಕಲು ಆಗುತ್ತೆ?

ತೆರಿಗೆಯ ಜಗ್ಗಾಟ

ಇದರ ಮೇಲೆ ತೆರಿಗೆ ಗಲಾಟೆ ಶುರುವಾಯಿತು. ಮಾಯಾವತಿ ಸರ್ಕಾರ ರೇಸಿನ ಟಿಕೆಟ್‌ಗಳಿಗೆ ಮನರಂಜನಾ ತೆರಿಗೆ ವಿನಾಯಿತಿ ಕೊಟ್ಟಿತ್ತು. ಕೋಟ್ಯಂತರ ರೂಪಾಯಿಯ ವ್ಯವಹಾರಕ್ಕೆ ವಿನಾಯಿತಿ ಯಾಕೆ ಅಂತ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿತ್ತು. ಮೊದಲ ರೇಸಿಗೆ ಕೆಲವೇ ದಿನ ಇರುವಾಗ, ಟಿಕೆಟ್ ಹಣದ ಶೇ 25ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅತ್ತ ಕೇಂದ್ರದವರು ಇದನ್ನು ಕ್ರೀಡೆ ಅಂತ ಒಪ್ಪದೆ ಮನರಂಜನೆ ಲೆಕ್ಕಕ್ಕೆ ಸೇರಿಸಿದರು. ಹಾಗಾಗಿ ಹೊರದೇಶದಿಂದ ಮೂರು ದಿನಕ್ಕೆ ಬರುವ ಕಾರು, ಎಂಜಿನ್, ಟೈರಿಗೂ ಕಸ್ಟಮ್ಸ್ ತಲೆನೋವು.

ಮತ್ತೊಂದು ದೊಡ್ಡ ವ್ಯಾಜ್ಯ ಆದಾಯ ತೆರಿಗೆಯದ್ದು. ಫಾರ್ಮುಲಾ ಒನ್ ಸಂಸ್ಥೆ ಇಂಗ್ಲೆಂಡಿನದ್ದು. ನಮಗೆ ಭಾರತದಲ್ಲಿ ಕಚೇರಿಯೇ ಇಲ್ಲ, ಇಲ್ಲಿ ಯಾಕೆ ತೆರಿಗೆ ಕಟ್ಟಬೇಕು ಅನ್ನೋದು ಅದರ ವಾದ. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ರೇಸಿನ ದಿನಗಳಲ್ಲಿ ಇಡೀ ಸರ್ಕ್ಯೂಟ್ ನಿಮ್ಮ ಹಿಡಿತದಲ್ಲೇ ಇತ್ತು, ಅದೇ ನಿಮ್ಮ ವ್ಯವಹಾರದ ಜಾಗ, ಇಲ್ಲಿ ಗಳಿಸಿದ್ದಕ್ಕೆ ಇಲ್ಲೇ ತೆರಿಗೆ ಕಟ್ಟಬೇಕು ಅನ್ನುವುದು ತೀರ್ಪಿನ ಸಾರ. ಮೂರು ದಿನ ಅಂಗಡಿ ಹಾಕಿದರೂ ಅಂಗಡಿ ಅಂಗಡಿಯೇ. ನ್ಯಾಯದ ದೃಷ್ಟಿಯಿಂದ ಇದು ಸರಿಯಾದ ತೀರ್ಪು. ಆದರೆ ಅಷ್ಟರಲ್ಲಿ ರೇಸ್ ಹೋಗಿ ನಾಲ್ಕು ವರ್ಷ ಹತ್ತಿರವಾಗಿತ್ತು. 2014ರ ಪಟ್ಟಿಯಿಂದ ಕೈಬಿಟ್ಟಾಗ 2015ಕ್ಕೆ ವಾಪಸ್ ಬರುತ್ತೆ ಅಂದಿದ್ದರು. ಐದು ವರ್ಷದ ಒಪ್ಪಂದ ಮೂರಕ್ಕೇ ನಿಂತುಹೋಯಿತು.

ಜಮೀನು ಕೊಟ್ಟವರ ಪಾಡು

ಈ ಭಾಗದಲ್ಲಿ ಜಮೀನು ಹೋಗಿದ್ದು 1894ರ ಹಳೇ ಭೂಸ್ವಾಧೀನ ಕಾಯ್ದೆಯಡಿ. ಅದರಲ್ಲಿ ತುರ್ತು ಅಂತ ಒಂದು ಕಲಂ. ಅದನ್ನು ಹಾಕಿದರೆ ರೈತರ ಆಕ್ಷೇಪಣೆ ಕೇಳುವ ಗೋಜೇ ಇಲ್ಲ. ಜಿಲ್ಲೆಯಲ್ಲಿ ಆ ಸಿಟ್ಟು ಮೊದಲೇ ಕುದಿಯುತ್ತಿತ್ತು. 2011ರ ಮೇ ತಿಂಗಳಲ್ಲಿ ಭಟ್ಟಾ ಪಾರ್ಸೌಲ್ ಹಳ್ಳಿಯಲ್ಲಿ ಪೊಲೀಸರು ಮತ್ತು ರೈತರ ನಡುವೆ ಘರ್ಷಣೆ ಆಗಿ ಎರಡೂ ಕಡೆ ಜೀವ ಹೋದವು. ಅದು ಟ್ರ್ಯಾಕಿನ ಜಾಗದ್ದೇ ಜಗಳ ಅಲ್ಲ. ಆದರೆ ಅದೇ ಜಿಲ್ಲೆ, ಅದೇ ಪರಿಹಾರದ ಪ್ರಶ್ನೆ. ಮೊದಲ ರೇಸಿನ ಹೊತ್ತಿಗೂ ಹೆಚ್ಚಿನ ಪರಿಹಾರ ಕೊಡದಿದ್ದರೆ ಅಡ್ಡಿ ಮಾಡ್ತೀವಿ ಅಂತ ರೈತರು ಎಚ್ಚರಿಕೆ ಕೊಟ್ಟಿದ್ದರು.

ಮೊದಲ ರೇಸಿಗೆ ಒಂಬತ್ತು ದಿನ ಮುಂಚೆ, 2011ರ ಅಕ್ಟೋಬರ್ 21ರಂದು ಅಲಹಾಬಾದ್ ಹೈಕೋರ್ಟ್ ದೊಡ್ಡ ತೀರ್ಪು ಕೊಟ್ಟಿತು. ನೋಯ್ಡಾ, ಗ್ರೇಟರ್ ನೋಯ್ಡಾ ಹಳ್ಳಿಗಳ ರೈತರಿಗೆ ಶೇ 64.7ರಷ್ಟು ಹೆಚ್ಚುವರಿ ಪರಿಹಾರ, ಜೊತೆಗೆ ಶೇ 10ರಷ್ಟು ಅಭಿವೃದ್ಧಿಪಡಿಸಿದ ಜಾಗ ಕೊಡಬೇಕು ಅಂತ. ಯಮುನಾ ಪ್ರಾಧಿಕಾರದ ರೈತರಿಗೂ ಆ ಶೇ 64.7 ಕೊಡಲು ಸರ್ಕಾರ 2014ರಲ್ಲಿ ಆದೇಶ ಮಾಡಿತು. ಆ ಹಣವನ್ನು ಜಾಗ ಪಡೆದ ಕಂಪನಿಗಳಿಂದ ವಸೂಲು ಮಾಡಬೇಕು. ಅವರು ಕೋರ್ಟಿಗೆ ಹೋದರು. ಆ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದ್ದು 2022ರಲ್ಲಿ. ಒಂದು ಪರಿಹಾರದ ಪ್ರಶ್ನೆ ಬಗೆಹರಿಯಲು ಹನ್ನೊಂದು ವರ್ಷ ಬೇಕಾಯಿತು.

ಅಷ್ಟರಲ್ಲಿ ಕಂಪನಿಯೇ ಕುಸಿದಿತ್ತು. ಬಾಕಿ ಕಟ್ಟಿಲ್ಲ ಅಂತ ಪ್ರಾಧಿಕಾರ 2020ರ ಫೆಬ್ರವರಿಯಲ್ಲಿ 1,000 ಹೆಕ್ಟೇರಿನ ಹಂಚಿಕೆಯನ್ನೇ ರದ್ದು ಮಾಡಿತು. ಆ ರದ್ದತಿ ಸರಿ ಅಂತ ಅಲಹಾಬಾದ್ ಹೈಕೋರ್ಟ್ ಹೇಳಿದ್ದು 2025ರ ಮಾರ್ಚ್‌ನಲ್ಲಿ. ಟ್ರ್ಯಾಕಿನ ಸುತ್ತ ಎದ್ದ ವಸತಿ ಯೋಜನೆಗಳಲ್ಲಿ ಮನೆಗೆ ದುಡ್ಡು ಕಟ್ಟಿದ ಸಾಮಾನ್ಯ ಜನರೂ ಈ ಸುಳಿಯಲ್ಲಿ ಸಿಕ್ಕಿಕೊಂಡರು.

ಬೈಕ್ ರೇಸ್ ಬಂತು, ಅದೂ ನಿಂತಿತು

ಫಾರ್ಮುಲಾ ಒನ್ ಹೋದ ಮೇಲೆ ಟ್ರ್ಯಾಕ್ ಪೂರ್ತಿ ಖಾಲಿ ಬಿದ್ದಿರಲಿಲ್ಲ. 2014ರಿಂದ ಕೆಲ ವರ್ಷ ಟಾಟಾದವರ ಟ್ರಕ್ ರೇಸ್ ನಡೆಯಿತು. ರಾಷ್ಟ್ರೀಯ ಮಟ್ಟದ ರೇಸು, ಹೊಸ ಕಾರು ಬಿಡುಗಡೆ, ಬಾಡಿಗೆಗೆ ಟ್ರ್ಯಾಕ್ ಕೊಡೋದು ಇವೆಲ್ಲ ಇದ್ದವು. 2023ರ ಸೆಪ್ಟೆಂಬರ್ 24ರಂದು ಮೋಟೋ ಜಿಪಿ ಬೈಕ್ ರೇಸ್ ಮೊದಲ ಬಾರಿ ಭಾರತಕ್ಕೆ ಬಂತು. ಒಪ್ಪಂದ ಇದ್ದಿದ್ದು ಏಳು ವರ್ಷಕ್ಕೆ. ವೀಸಾ ತಡವಾಗಿ ಹಲವು ಸವಾರರು ಪರದಾಡಿದರು, ಬಿಸಿಲಿನ ಕಾರಣಕ್ಕೆ ಸುತ್ತುಗಳನ್ನು 24ರಿಂದ 21ಕ್ಕೆ ಇಳಿಸಿದರು. ಇಟಲಿಯ ಮಾರ್ಕೊ ಬೆಜೆಕ್ಕಿ ಗೆದ್ದರು. 2024ರಲ್ಲಿ ರೇಸ್ ರದ್ದಾಯಿತು. ಅಲ್ಲೂ ಮೊದಲ ವರ್ಷವೇ ಕೊನೆ ವರ್ಷ.

ಸಣ್ಣ ಟ್ರ್ಯಾಕ್ ಬದುಕಿದ್ದು ಹೇಗೆ?

ಹಾಗಾದರೆ ಭಾರತದಲ್ಲಿ ರೇಸ್ ಟ್ರ್ಯಾಕ್ ನಡೆಯೋದೇ ಇಲ್ಲವಾ? ನಡೆಯುತ್ತೆ. ಚೆನ್ನೈ ಹೊರಗೆ, ಶ್ರೀಪೆರಂಬುದೂರು ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ 1990ರಿಂದ ಚಾಲ್ತಿಯಲ್ಲಿದೆ. ಉದ್ದ 3.7 ಕಿಲೋಮೀಟರ್. ನಡೆಸುತ್ತಿರುವುದು 1953ರಲ್ಲಿ ಶುರುವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್. ಅದಕ್ಕೂ ಮುಂಚೆ ಅವರು ಶೋಲಾವರಂನ ಎರಡನೇ ಮಹಾಯುದ್ಧ ಕಾಲದ ಹಳೇ ವಿಮಾನ ಓಡುದಾರಿಯಲ್ಲಿ ರೇಸ್ ಮಾಡುತ್ತಿದ್ದರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೂ ಚಿಕ್ಕದು, 2.1 ಕಿಲೋಮೀಟರ್. ಅದೂ 2003ರಿಂದ ನಡೀತಿದೆ. ಕರ್ನಾಟಕದ ರೇಸ್ ಹುಡುಗರು ಪಳಗೋದೂ ಇಲ್ಲೇ.

ಇವಕ್ಕೆ ಜಗತ್ತಿನ ಕ್ಯಾಮೆರಾ ಇಲ್ಲ. ಆದರೆ ರಾಷ್ಟ್ರೀಯ ಚಾಂಪಿಯನ್‌ಷಿಪ್, ಬೈಕ್ ಕಂಪನಿಗಳ ರೇಸ್, ತರಬೇತಿ ಅಂತ ಮತ್ತೆ ಮತ್ತೆ ಕೆಲಸ ಇರುತ್ತೆ. ಖರ್ಚು ಹಾಸಿಗೆಯಷ್ಟೇ. ಮೊದಲು ರೇಸ್ ಮಾಡುವ ಜನ ಇದ್ದರು, ಆಮೇಲೆ ಟ್ರ್ಯಾಕ್ ಬಂತು. ನೋಯ್ಡಾದಲ್ಲಿ ಟ್ರ್ಯಾಕ್ ಮೊದಲು ಬಂತು, ವರ್ಷಪೂರ್ತಿ ಬಳಸುವವರು ಯಾರು ಅನ್ನೋದು ಕೊನೆಗೂ ಗೊತ್ತಾಗಲಿಲ್ಲ.

ಕೇಳಬೇಕಾದ ಪ್ರಶ್ನೆಗಳು

ನೋಯ್ಡಾದಲ್ಲಿ ಕೆಟ್ಟಿದ್ದು ಟ್ರ್ಯಾಕ್ ಅಲ್ಲ, ಅದರ ಲೆಕ್ಕ. ವರ್ಷಕ್ಕೆ ಮೂರು ದಿನದ ಜಾತ್ರೆಯನ್ನು ನಂಬಿ 365 ದಿನದ ಸಾಲ ಮಾಡಿದರು. ಹೊಸ ಮಾಲೀಕರು ಬಂದು ಫಾರ್ಮುಲಾ ಒನ್ ತಂದರೂ ಶುಲ್ಕ, ತೆರಿಗೆ, ಜಮೀನಿನ ಹಕ್ಕು ಈ ಮೂರೂ ಇತ್ಯರ್ಥ ಆಗದಿದ್ದರೆ ಮತ್ತೆ ಅದೇ ಹಾಡು.

ಕ್ರೀಡಾ ನಗರ, ಫಿಲ್ಮ್ ಸಿಟಿ, ಥೀಮ್ ಪಾರ್ಕ್, ಹೆಸರು ಏನೇ ಇರಲಿ, ಒಂದು ತಾಲ್ಲೂಕಿಗೆ ಇಂಥ ಯೋಜನೆ ಬರುತ್ತೆ ಅಂದಾಗ ಗ್ರಾಮಸಭೆಯಲ್ಲಿ ಕೇಳಬೇಕಾದ್ದು ನಾಲ್ಕು ಮಾತು. ವರ್ಷದಲ್ಲಿ ಎಷ್ಟು ದಿನ ಇಲ್ಲಿ ಕೆಲಸ, ವ್ಯಾಪಾರ ಇರುತ್ತೆ? ಕೇಳಿದ ಜಮೀನಿನಲ್ಲಿ ಮೂಲ ಯೋಜನೆಗೆ ಎಷ್ಟು, ಸೈಟು ಮಾಡಿ ಮಾರಲು ಎಷ್ಟು? ಪರಿಹಾರ ಪೂರ್ತಿ ಕೈಗೆ ಬರುವುದು ಕೆಲಸ ಶುರುವಾಗುವ ಮೊದಲೋ, ಆಮೇಲೋ? ಕಂಪನಿ ಮುಳುಗಿದರೆ ಜಾಗ ಯಾರಿಗೆ ಸೇರುತ್ತೆ?

ಗ್ರೇಟರ್ ನೋಯ್ಡಾದಲ್ಲಿ ಈ ನಾಲ್ಕಕ್ಕೂ ಉತ್ತರ ಹುಡುಕಿದ್ದು ಕೋರ್ಟುಗಳು, ಅದೂ ರೇಸ್ ಮುಗಿದು ಎಷ್ಟೋ ವರ್ಷ ಆದ ಮೇಲೆ. ಜಮೀನಿನ ಕಾಗದಕ್ಕೆ ಸಹಿ ಬೀಳುವ ಮೊದಲೇ ಕೇಳಿದ್ದರೆ ಉತ್ತರ ಅಗ್ಗದಲ್ಲಿ ಸಿಗುತ್ತಿತ್ತು.