ಹತ್ತು ಪದರಗಳಲ್ಲಿ ಮೂರನೆಯದು

(1/3)
ರೆಟಿನಾದ ಹತ್ತು ಪದರ ಹೇಳಿ ಅಂದ್ರೆ ನಮ್ಮಲ್ಲಿ ಅರ್ಧ ಜನ ಒಂದೇ ಉಸಿರಲ್ಲಿ ಒಪ್ಪಿಸ್ತೀವಿ. ಪಿಗ್ಮೆಂಟ್ ಎಪಿಥೀಲಿಯಂ, ರಾಡ್-ಕೋನ್ ಪದರ, ಔಟರ್ ಲಿಮಿಟಿಂಗ್ ಮೆಂಬ್ರೇನ್... ಮೂರನೆಯದಕ್ಕೆ ಒಂದು ಗೆರೆ ಎಳೆದು, ಲೇಬಲ್ ಹಾಕಿ ಮುಂದೆ ಹೋಗ್ತೀವಿ. ನನ್ನ ಪ್ರಕಾರ ಇಡೀ ಚಿತ್ರದಲ್ಲಿ ನಿಂತು ನೋಡಬೇಕಾದ ಜಾಗವೇ ಅದು.

ಮೊದಲಿಗೆ, ಅದು ಮೆಂಬ್ರೇನೇ ಅಲ್ಲ. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ತೆಳು ಗೆರೆಯ ಹಾಗೆ ಕಾಣುತ್ತೆ, ಅದಕ್ಕೇ ಆ ಹೆಸರು. ನಿಜವಾಗಿ ಅದು ಫೋಟೋರಿಸೆಪ್ಟರ್‌ಗಳೂ ಮುಲ್ಲರ್ ಗ್ಲಿಯಾ ಕೋಶಗಳೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರೋ ಜೋಡಣೆಗಳ ಸಾಲು.

ಮನೆಗೆ ತಲೆಬಾಗಿಲು, ಹಿತ್ತಿಲು ಇರೋ ಹಾಗೆ ರಾಡ್ ಕೋಶಕ್ಕೂ ಎರಡು ಕಡೆ ಇವೆ. ಒಂದು ಕಡೆ ಬೆಳಕು ಹಿಡಿಯೋ ಔಟರ್ ಸೆಗ್ಮೆಂಟ್, ಅದರಲ್ಲಿ ರೊಡಾಪ್ಸಿನ್ ತುಂಬಿದ ನೂರಾರು ಡಿಸ್ಕ್‌ಗಳು. ತುದಿಯಲ್ಲಿ ಹಳೇ ಡಿಸ್ಕ್ ದಿನಾ ಉದುರುತ್ತೆ, ಬುಡದಲ್ಲಿ ಹೊಸದು ಹುಟ್ಟುತ್ತೆ. ಸುಮಾರು 10 ದಿನಕ್ಕೆ ಎಲ್ಲ ಹೊಸದು. ಇನ್ನೊಂದು ಕಡೆ ಸಂದೇಶ ದಾಟಿಸೋ ಸೈನಾಪ್ಸ್. ತಲೆಬಾಗಿಲಿನ ಸಾಮಾನು ಹಿತ್ತಿಲಿಗೆ ಹೋದ್ರೆ ಕಣ್ಣು ಕಾಣಲ್ಲ. ಯಾವ ಕಡೆ ಯಾವುದು ಅನ್ನೋ ಈ ಲೆಕ್ಕಕ್ಕೇ ಪೊಲ್ಯಾರಿಟಿ ಅನ್ನೋದು.

(2/3)
ಹಾಗಾದ್ರೆ ಹೊಸ್ತಿಲು ಕಾಯೋರು ಯಾರು? ಕ್ರಂಬ್ಸ್ ಅನ್ನೋ ಪ್ರೋಟೀನು. ಪಾಲ್ಸ್1, ಪ್ಯಾಟ್ಜೆ ಅನ್ನೋ ಜೊತೆಗಾರರನ್ನ ಕಟ್ಟಿಕೊಂಡು, ಆ ಜೋಡಣೆಗಳ ಸಾಲಿಗೆ ಅಂಟಿಕೊಂಡ ಹಾಗೆ, ಸ್ವಲ್ಪ ಮೇಲೆ ಕೂತಿರುತ್ತೆ.

ಹೆಸರು ಬಂದಿದ್ದು ಹಣ್ಣಿನ ನೊಣದಿಂದ. ಈ ಜೀನ್ ಕೆಟ್ಟ ಭ್ರೂಣದ ಹೊರಚರ್ಮ ರೊಟ್ಟಿ ಪುಡಿಯ ಹಾಗೆ ಚೂರುಚೂರಾಗಿತ್ತು. 1990ರಲ್ಲಿ ಉಲ್ರಿಕ್ ಟೆಪಾಸ್, ಎಲಿಸಬೆತ್ ಕ್ನುಸ್ಟ್ ಮತ್ತು ಸಂಗಡಿಗರು ಈ ಪ್ರೋಟೀನ್ ಕೋಶದ ಮೇಲ್ಮುಖದಲ್ಲಿ ಇರುತ್ತೆ ಅಂತ ತೋರಿಸಿದ್ರು.

ನೊಣದ ಕಥೆ ನಮಗ್ಯಾಕೆ ಅಂತೀರಾ? ಜೀಬ್ರಾಮೀನು ನೋಡಿ. ಅದರಲ್ಲಿ ಒಂದು ಕ್ರಂಬ್ಸ್ ಜೀನ್ ಕೆಟ್ರೆ ರೆಟಿನಾದ ಪದರಗಳೇ ಕಲಸಿಹೋಗುತ್ತವೆ. ಇನ್ನೊಂದನ್ನ ತಗ್ಗಿಸಿದ್ರೆ ಪದರ ಸರಿ ಇರುತ್ತೆ, ಆದ್ರೆ ಫೋಟೋರಿಸೆಪ್ಟರ್‌ನ ಇನ್ನರ್ ಸೆಗ್ಮೆಂಟ್ ಗಿಡ್ಡ ಆಗುತ್ತೆ. ಅಂದ್ರೆ ಈ ಪ್ರೋಟೀನುಗಳು ದಿಕ್ಕನ್ನೂ ಕಾಯುತ್ತವೆ, ಕೋಶದ ಆಕಾರವನ್ನೂ ಅಳೆದು ಕೊಡುತ್ತವೆ. 1999ರಲ್ಲಿ ಮನುಷ್ಯರಲ್ಲೂ ಇದೇ ಕುಟುಂಬದ ಜೀನ್ ಸಿಕ್ತು: ಸಿಆರ್‌ಬಿ1. ಸಿಕ್ಕಿದ್ದು ರೆಟಿನೈಟಿಸ್ ಪಿಗ್ಮೆಂಟೋಸಾ ಇರೋರಲ್ಲಿ.

(3/3)
ಈ ಜೀನಿನ ಎರಡೂ ಪ್ರತಿ ಕೆಟ್ಟಿದ್ರೆ ಕೆಲವು ಮಕ್ಕಳಿಗೆ ಹುಟ್ಟಿದಾಗಿಂದಲೇ ದೃಷ್ಟಿ ತೀರಾ ಕಡಿಮೆ. ಅದಕ್ಕೆ ಲೀಬರ್ ಕಂಜೆನಿಟಲ್ ಅಮರೋಸಿಸ್ ಅಂತಾರೆ. ರೆಟಿನಾ ಕಾಯಿಲೆ ಅಂದ್ರೆ ಪದರ ಸವೆದು ತೆಳುವಾಗೋದು ಅಂತ ನಾವು ಓದಿರ್ತೀವಿ. ಇಲ್ಲಿ ಎಷ್ಟೋ ಸಲ ಸ್ಕ್ಯಾನ್‌ನಲ್ಲಿ ರೆಟಿನಾ ದಪ್ಪಗೆ ಕಾಣುತ್ತೆ, ಪದರಗಳ ಗಡಿ ಮಸುಕು. ಹತ್ತು ಹೆಸರು ಬಾಯಿಪಾಠ ಮಾಡಿದವರಿಗೆ ಇದು ಒಗಟು. ಹೊಸ್ತಿಲು ಅರ್ಥ ಆದವರಿಗೆ ಒಂದೇ ಸಾಲಿನ ಉತ್ತರ.

ಪರೀಕ್ಷೆಗೆ ಅಷ್ಟೆಲ್ಲ ಕೇಳಲ್ವಲ್ಲ ಅಂತೀರಿ. ನಿಜ, ಕೇಳಲ್ಲ. ಆದ್ರೆ ನಾಳೆ ನಮ್ಮ ಮುಂದೆ ಮಗು ಎತ್ತಿಕೊಂಡು ಬರೋ ಅಮ್ಮ ಕೇಳ್ತಾರೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ಲು ಅಂತ ಮನೆಯಲ್ಲಿ ಬೈಸಿಕೊಂಡು ಬಂದಿರ್ತಾರೆ. ಅವರಿಗೆ ಹೇಳೋಕೆ ನಮ್ಮ ಹತ್ರ ನಿಜವಾದ ಮಾತಿದೆ: ಅಪ್ಪ-ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇತ್ತು, ಇಬ್ಬರಿಗೂ ಕಣ್ಣು ಚೆನ್ನಾಗೇ ಕಾಣ್ತಿತ್ತು, ಪ್ರತಿ ಬಸಿರಲ್ಲೂ 4ಕ್ಕೆ 1 ಸಂಭವ. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಆಗೋ ನಮ್ಮ ಕಡೆ ಇಬ್ಬರಲ್ಲೂ ಅದೇ ಪ್ರತಿ ಇರೋ ಸಂಭವ ಹೆಚ್ಚು. ಇದರಲ್ಲಿ ಅಮ್ಮನ ತಪ್ಪು ಏನೂ ಇಲ್ಲ.

ಯಾವ ಜೀನು ಅಂತ ತಿಳಿಯೋದೂ ಮುಖ್ಯ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಜೀನ್ ಚಿಕಿತ್ಸೆ ಆರ್‌ಪಿಇ65 ಜೀನಿಗೆ ಮಾತ್ರ. ಸಿಆರ್‌ಬಿ1ಗೆ ಅಂಥದ್ದು ಇನ್ನೂ ಬಂದಿಲ್ಲ. ಇದರ ಪ್ರೋಟೀನ್ ಬರೆಯೋ ಭಾಗವೇ ಸುಮಾರು 4,200 ಅಕ್ಷರ. ಅದನ್ನ ಹೊತ್ತೊಯ್ಯೋ ಎಎವಿ ವೈರಸ್ಸಿನ ಚೀಲಕ್ಕೆ ಹಿಡಿಸೋದು ಸುಮಾರು 4,700. ಜೀನನ್ನ ಚಾಲೂ ಮಾಡೋ ತುಣುಕುಗಳಿಗೆ ಜಾಗ ಸಾಲದು. ಅದಕ್ಕೇ ಕಷ್ಟ.

ಹಾಗಾಗಿ ಸ್ನೇಹಿತರೇ, ರೆಟಿನಾ ಬರೆಯುವಾಗ ಮೂರನೇ ಗೆರೆ ಪಕ್ಕ ಇಷ್ಟು ಬರೀರಿ: ಇದು ಪರದೆಯಲ್ಲ, ಜೋಡಣೆ, ಮೇಲೆ ಕ್ರಂಬ್ಸ್ ಇದೆ. ಪಾಠ ಮಾಡೋರು ಇದೇನು ಅಂತ ಕೇಳಿದ್ರೆ ಇನ್ನೂ ಒಳ್ಳೇದು, ಅಲ್ಲಿಂದ ಮಾತು ಶುರುವಾಗುತ್ತೆ.

ಬರೀ ಲೇಬಲ್ ಹಾಕಿ ದಾಟಿಬಿಡೋ ಇಂಥ ಗೆರೆ ನಿಮ್ಮ ಸಬ್ಜೆಕ್ಟಲ್ಲಿ ಯಾವುದು? ಕಾಮೆಂಟಲ್ಲಿ ಹೇಳಿ.

#ರೆಟಿನಾ #ಕಣ್ಣಿನಕಥೆ #ಕನ್ನಡದಲ್ಲಿವಿಜ್ಞಾನ